ಬಿಡುವಿನ ಹೊತ್ತು ಯಾರದು? ಅಮೆರಿಕಾ ನಗರಗಳ ವಿನೋದ ವಿಹಾರಗಳು

ಪಟ್ಟಾಭಿಷೇಕ, ಯುದ್ಧ, ಸಂಧಿ ಮೊದಲಾದುವನ್ನು ನಾವೆಲ್ಲರೂ ಇತಿಹಾಸದ ಪುಸ್ತಕಗಳಲ್ಲಿ ಓದಿದ್ದೇವೆ. ಆದರೆ ಆಯಾ ಕಾಲದ ಸಾಮಾನ್ಯ ಜನರು ಕೆಲಸ ಮುಗಿಸಿ ಕೈಕಾಲು ತೊಳೆದ ಮೇಲೆ ಎಲ್ಲಿಗೆ ಹೋಗುತ್ತಿದ್ದರು, ಏನನ್ನು ನೋಡಿ ನಗುತ್ತಿದ್ದರು, ಅದಕ್ಕಾಗಿ ಎಷ್ಟು ಹಣ ಕೊಡುತ್ತಿದ್ದರು ಎಂಬುದನ್ನು ಆ ಪುಸ್ತಕಗಳು ಅಪರೂಪವಾಗಿ ತಿಳಿಸುತ್ತವೆ. ಒಂದು ಸಮಾಜದ ನಿಜವಾದ ಸ್ವರೂಪವು ಅದರ ದುಡಿಮೆಯಲ್ಲಿ ಕಾಣುವಷ್ಟೇ ಅದರ ಬಿಡುವಿನಲ್ಲಿಯೂ ಕಾಣುತ್ತದೆ. ಆದುದರಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯ ಮೂವತ್ತು ವರ್ಷಗಳಲ್ಲಿ ನ್ಯೂಯಾರ್ಕ್, ಚಿಕಾಗೋ, ಬಾಸ್ಟನ್ ಮೊದಲಾದ ಅಮೆರಿಕಾ ನಗರಗಳ ಜನರು ತಮ್ಮ ಬಿಡುವನ್ನು ಕಳೆದ ರೀತಿಯನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ಟಿಕೆಟ್ಟು ಕೊಂಡು ಪಂದ್ಯ ನೋಡುವುದು, ವಸ್ತುಪ್ರದರ್ಶನದಲ್ಲಿ ದೊಡ್ಡ ಚಕ್ರವನ್ನೇರುವುದು, ಕತ್ತಲೆಯ ಕೊಠಡಿಯಲ್ಲಿ ಚಲಿಸುವ ಚಿತ್ರಗಳನ್ನು ನೋಡುವುದು ಇವೆಲ್ಲ ನಮಗೆ ಈಗ ತೀರ ಸಾಧಾರಣವಾದ ಸಂಗತಿಗಳು. ಇವು ಈಗಿನ ರೂಪವನ್ನು ತಾಳಿದುದರಲ್ಲಿ ಆ ನಗರಗಳ ಪಾಲು ಬಹಳ ದೊಡ್ಡದು.

ಮೊದಲು ನಗರಗಳ ಬೆಳವಣಿಗೆಯನ್ನು ನೋಡೋಣ. ೧೮೬೦ರಲ್ಲಿ ಅಮೆರಿಕಾದ ಪ್ರಜೆಗಳಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಪಟ್ಟಣವಾಸಿಗಳಾಗಿದ್ದರು. ೧೯೦೦ರ ಹೊತ್ತಿಗೆ ಐದರಲ್ಲಿ ಎರಡು ಪಾಲು ಪಟ್ಟಣ ಸೇರಿದ್ದರು. ೧೮೫೦ರಲ್ಲಿ ಸುಮಾರು ೩೦ ಸಾವಿರ ಜನರಿದ್ದ ಚಿಕಾಗೋ ನಗರದಲ್ಲಿ ೧೮೯೦ರಲ್ಲಿ ಹತ್ತಿರ ಹತ್ತಿರ ೧೧ ಲಕ್ಷ ಜನರಿದ್ದರು. ಒಳನಾಡಿನ ಹಳ್ಳಿಗಳಿಂದಲೂ, ಐರ್ಲೆಂಡ್, ಜರ್ಮನಿ, ಇಟಲಿ, ರಷ್ಯಾ ಮೊದಲಾದ ದೂರದೇಶಗಳಿಂದಲೂ ಜನರು ಕೂಲಿಗಾಗಿ ಬಂದು ಸೇರಿದರು. ಹಳ್ಳಿಯಲ್ಲಿ ಕೆಲಸಕ್ಕೂ ಬಿಡುವಿಗೂ ನಡುವೆ ಗೋಡೆಯಿರುವುದಿಲ್ಲ. ಸುಗ್ಗಿ ಮುಗಿದರೆ ಹಬ್ಬ, ಮಳೆ ಬಂದರೆ ಹರಟೆ. ನಗರದಲ್ಲಿಯಾದರೋ ಕಾರ್ಖಾನೆಯ ಗಂಟೆಯು ದಿನವನ್ನು ಎರಡಾಗಿ ಸೀಳಿತು. ಗಂಟೆ ಹೊಡೆಯುವವರೆಗೆ ಹೊತ್ತು ಯಜಮಾನನದು, ಅನಂತರ ಉಳಿದದ್ದು ಕೂಲಿಯವನದು. ಹಾಗೆ ಉಳಿಯುತ್ತಿದ್ದುದೂ ಅಲ್ಪವೇ. ದಿನಕ್ಕೆ ಹತ್ತು ಗಂಟೆ, ಕೆಲವು ಕಡೆ ಇನ್ನೂ ಹೆಚ್ಚು, ವಾರಕ್ಕೆ ಆರು ದಿನ ದುಡಿದವನಿಗೆ ಪೂರ್ತಿಯಾಗಿ ದೊರೆಯುತ್ತಿದ್ದುದು ಭಾನುವಾರ ಒಂದೇ.

ಈ ಕಾರಣದಿಂದಲೇ ಬಿಡುವು ಕೂಡ ಹೋರಾಟದ ವಿಷಯವಾಯಿತು. ೧೮೮೬ರ ಮೇ ೧ರಂದು ಅಮೆರಿಕಾದ ಅನೇಕ ನಗರಗಳಲ್ಲಿ ಲಕ್ಷಾಂತರ ಕಾರ್ಮಿಕರು ಕೆಲಸ ನಿಲ್ಲಿಸಿದರು. ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಮೂರು ಸಮಪಾಲು ಮಾಡಿ, ಒಂದನ್ನು ದುಡಿಮೆಗೂ ಒಂದನ್ನು ನಿದ್ರೆಗೂ ಕೊಟ್ಟು, ಮೂರನೆಯದನ್ನು ತಮ್ಮ ಇಷ್ಟಕ್ಕೆ ಬಿಡಬೇಕೆಂಬುದು ಅವರ ಬೇಡಿಕೆ. ಅವರು ಕೇಳಿದ್ದು ಹೆಚ್ಚು ಕೂಲಿಯನ್ನಷ್ಟೇ ಅಲ್ಲ, ತಮ್ಮದೆಂದು ಹೇಳಿಕೊಳ್ಳಬಹುದಾದ ಹೊತ್ತನ್ನು ಎಂಬುದು ಗಮನಿಸತಕ್ಕ ವಿಷಯ. ಮೇ ೪ರ ರಾತ್ರಿ ಚಿಕಾಗೋ ನಗರದ ಹೇಮಾರ್ಕೆಟ್ ಚೌಕದಲ್ಲಿ ಬಾಂಬು ಸಿಡಿದು, ಪೋಲೀಸರೂ ಪ್ರಜೆಗಳೂ ಸತ್ತು, ಚಳವಳಿಗೆ ದೊಡ್ಡ ಪೆಟ್ಟು ಬಿತ್ತು. ಮರುವರ್ಷ ನ್ಯೂಯಾರ್ಕ್ ಸಂಸ್ಥಾನವು ಶನಿವಾರದ ಅಪರಾಹ್ಣವನ್ನು ಅರ್ಧ ರಜೆಯೆಂದು ಶಾಸನ ಮಾಡಿತು. ಆದರೆ ಆ ರಜೆ ಬ್ಯಾಂಕು ಕಚೇರಿಗಳಿಗೆ ಬಂದಷ್ಟು ಬೇಗ ಕಾರ್ಖಾನೆಗಳಿಗೆ ಬರಲಿಲ್ಲ.

ಹೊತ್ತು ಸಿಕ್ಕಿದರೆ ಸಾಲದು. ಅದನ್ನು ಕಳೆಯಲು ಸ್ಥಳ ಬೇಕು. ಬಡವರ ವಠಾರಗಳಲ್ಲಿ ಎರಡು ಮೂರು ಕೋಣೆಗಳಲ್ಲಿ ಒಂದು ಸಂಸಾರ, ಅದರ ಮೇಲೆ ಒಬ್ಬಿಬ್ಬರು ಬಾಡಿಗೆಯವರು. ಗಾಳಿ ಬೆಳಕುಗಳಿಗೇ ಎಡೆಯಿಲ್ಲದ ಮನೆಯಲ್ಲಿ ವಿನೋದಕ್ಕೆ ಎಡೆಯೆಲ್ಲಿ? ಆದುದರಿಂದ ಜನರು ಬೀದಿಗೆ ಬಂದರು. ಅವರನ್ನು ಹೊರಗೆಳೆಯಲು ಎರಡು ಹೊಸ ಸೌಕರ್ಯಗಳೂ ನೆರವಾದುವು. ೧೮೮೦ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ೧೮೮೨ರಲ್ಲಿ ಎಡಿಸನ್ ಮಹಾಶಯನ ವಿದ್ಯುದಾಗಾರವು ಕೆಲಸ ಮಾಡಲು ತೊಡಗಿತು. ರಾತ್ರಿಯಲ್ಲಿ ತಿರುಗಾಡುವ ಭಯ ತಗ್ಗಿತು. ೧೮೮೮ರಲ್ಲಿ ರಿಚ್ಮಂಡ್ ನಗರದಲ್ಲಿ ಫ್ರಾಂಕ್ ಸ್ಪ್ರೇಗ್ ಎಂಬ ಇಂಜಿನಿಯರನು ವಿದ್ಯುತ್ತಿನಿಂದ ಟ್ರಾಮು ಬಂಡಿಗಳನ್ನು ಯಶಸ್ವಿಯಾಗಿ ಓಡಿಸಿದ ಮೇಲೆ, ಸಾಮಾನ್ಯವಾಗಿ ಐದು ಸೆಂಟು ಕೊಟ್ಟವನು ಊರಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಬಹುದಾಯಿತು. ಭಾನುವಾರ ಬಂಡಿಗಳು ಬರಿದಾಗಿ ಓಡುವುದನ್ನು ಕಂಡು ಟ್ರಾಮು ಕಂಪೆನಿಗಳು ಒಂದು ಉಪಾಯ ಹೂಡಿದುವು: ಹಳಿಯ ಕೊನೆಯಲ್ಲಿ ಒಂದು ತೋಪು, ಒಂದು ಕೆರೆ, ಸಂಗೀತದ ಮಂಟಪ, ತಿರುಗುವ ಮರದ ಕುದುರೆಗಳು ಇವನ್ನೆಲ್ಲ ಏರ್ಪಡಿಸಿ ಜನರನ್ನು ಅಲ್ಲಿಗೆ ಕರೆದುವು.

ನಗರದ ವಿಹಾರಸ್ಥಾನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್. ೮೪೩ ಎಕರೆಗಳ ಈ ಉದ್ಯಾನವನ್ನು ಫ್ರೆಡರಿಕ್ ಲಾ ಆಮ್‌ಸ್ಟೆಡ್ ಮತ್ತು ಕಾಲ್ವರ್ಟ್ ವಾಕ್ಸ್ ಎಂಬ ಇಬ್ಬರು ೧೮೫೮ರಲ್ಲಿ ರೂಪಿಸಿದರು. ಅದಕ್ಕಾಗಿ ಬಿಡಿಸಿದ ನೆಲದಲ್ಲಿ ಸೆನೆಕಾ ವಿಲೇಜ್ ಎಂಬ ಊರೊಂದಿತ್ತು. ಸ್ವಂತ ನೆಲ, ಚರ್ಚು, ಶಾಲೆಗಳನ್ನು ಮಾಡಿಕೊಂಡಿದ್ದ ಕರಿಯ ಜನಾಂಗದ ಸ್ವತಂತ್ರ ಪ್ರಜೆಗಳೇ ಅಲ್ಲಿ ಹೆಚ್ಚಾಗಿದ್ದರು. ೧೮೫೭ರಲ್ಲಿ ಆ ಊರು ಇಲ್ಲವಾಯಿತು. ಗಿಡ ಮರ ನೀರುಗಳ ನೋಟದಿಂದ ನಗರವಾಸಿಯ ಮನಸ್ಸು ಶಾಂತವಾಗುವುದೆಂದೂ, ಧನಿಕನೂ ಬಡವನೂ ಒಂದೇ ದಾರಿಯಲ್ಲಿ ನಡೆದು ಪರಸ್ಪರ ಮರ್ಯಾದೆ ಕಲಿಯುವರೆಂದೂ ಆಮ್‌ಸ್ಟೆಡ್ ನಂಬಿದ್ದನು. ನಂಬಿಕೆ ದೊಡ್ಡದು. ಆದರೆ ಆರಂಭದ ವರ್ಷಗಳಲ್ಲಿ ಅಲ್ಲಿ ಕಂಡುದು ಹೆಚ್ಚಾಗಿ ಧನಿಕರ ಸಾರೋಟುಗಳ ಮೆರವಣಿಗೆ. ಕೂಲಿಯವರ ಮನೆಗಳಿದ್ದುದು ದೂರದ ದಕ್ಷಿಣ ಭಾಗದಲ್ಲಿ. ಹುಲ್ಲಿನ ಮೇಲೆ ನಡೆಯುವುದಕ್ಕೂ ಚೆಂಡಾಡುವುದಕ್ಕೂ ಕಟ್ಟುಪಾಡುಗಳಿದ್ದುವು.

ಭಾನುವಾರದ ಪ್ರಶ್ನೆ ಇದಕ್ಕಿಂತಲೂ ತೊಡಕಾದುದು. ಭಾನುವಾರ ದೇವರ ದಿನ. ಅಂದು ಆಟ, ನಾಟಕ, ಸಂಗೀತ ಯಾವುದೂ ಸಲ್ಲದೆಂದು ಧರ್ಮನಿಷ್ಠರಾದ ಪ್ರಾಟೆಸ್ಟಂಟರು ಶಾಸನಗಳನ್ನು ಮಾಡಿಸಿದ್ದರು. ಆದರೆ ಕೂಲಿಯವನಿಗೆ ಇದ್ದ ದಿನವೂ ಅದೊಂದೇ. ಸೆಂಟ್ರಲ್ ಪಾರ್ಕಿನಲ್ಲಿ ಭಾನುವಾರದ ಸಂಗೀತಕ್ಕೆ ಅನುಮತಿ ದೊರೆತದ್ದು ೧೮೮೪ರಲ್ಲಿ. ಅದೇ ಉದ್ಯಾನದೊಳಗೆ, ನಗರದ ಹಣದಿಂದ ಕಟ್ಟಿದ ಭವನದಲ್ಲಿ, ೧೮೮೦ರಿಂದ ಮೆಟ್ರೋಪಾಲಿಟನ್ ಕಲಾಸಂಗ್ರಹಾಲಯವು ನಡೆಯುತ್ತಿತ್ತು. ಭಾನುವಾರ ಅದರ ಬಾಗಿಲು ಮುಚ್ಚಿರುತ್ತಿತ್ತು. ಆರು ದಿನ ದುಡಿಯುವವನಿಗೆ ಎಂದೆಂದಿಗೂ ಮುಚ್ಚಿದಂತೆಯೇ. ಸಾವಿರಾರು ಜನರು ಮನವಿಗಳಿಗೆ ರುಜು ಹಾಕಿದರು, ಪತ್ರಿಕೆಗಳು ಬರೆದುವು. ಆಡಳಿತಗಾರರು ಗದ್ದಲಕ್ಕೂ ಕಲಾವಸ್ತುಗಳ ಹಾನಿಗೂ ಅಂಜಿದರು. ಕೆಲವು ದಾನಿಗಳು ಮುನಿದರು. ಕೊನೆಗೆ ೧೮೯೧ರ ಮೇ ೩೧ರ ಭಾನುವಾರ ಬಾಗಿಲು ತೆರೆಯಿತು. ಜನರು ಗುಂಪುಗುಂಪಾಗಿ ಬಂದರು, ನೋಡಿದರು, ಮನೆಗೆ ಹೋದರು. ಅಂಜಿದ್ದ ಅನಾಹುತ ಯಾವುದೂ ನಡೆಯಲಿಲ್ಲ.

ಇನ್ನು ಪಾನಗೃಹ. ಆಗ ಅಮೆರಿಕಾದಲ್ಲಿ ಇದಕ್ಕೆ ಸಲೂನು ಎಂದು ಹೆಸರಿತ್ತು. ಐದು ಸೆಂಟಿನ ಒಂದು ಲೋಟ ಬಿಯರು ಕೊಂಡವನಿಗೆ ಅಲ್ಲಿ ಪಕ್ಕದ ಮೇಜಿನ ಮೇಲಿದ್ದ ರೊಟ್ಟಿ, ಗಿಣ್ಣು, ಉಪ್ಪಿನಲ್ಲಿ ಹಾಕಿದ ಮೀನು ಪುಕ್ಕಟೆಯಾಗಿ ದೊರೆಯುತ್ತಿದ್ದುವು. ಚಳಿಗಾಲದಲ್ಲಿ ಬೆಚ್ಚನೆಯ ಒಲೆ, ಓದಲು ವೃತ್ತಪತ್ರಿಕೆ, ಕೆಲಸದ ಸುದ್ದಿ, ಸಂಘದ ಸಭೆಗೆ ಒಂದು ಕೊಠಡಿ ಇವೂ ಇದ್ದುವು. ಮದ್ಯದ ಕೇಡನ್ನು ನಾವು ಅಲ್ಲಗಳೆಯುವುದಿಲ್ಲ. ವಾರದ ಕೂಲಿ ಅಲ್ಲಿಯೇ ಕರಗಿದ ಸಂಸಾರಗಳ ಗೋಳನ್ನು ಆ ಕಾಲದ ಸ್ತ್ರೀಯರ ಪಾನನಿರೋಧ ಸಂಘಗಳು ಬಲವಾಗಿಯೇ ಸಾರಿದುವು. ಆದರೆ ಬಡವನಿಗೆ ಬೇರೆ ಯಾರೂ ಕೊಡದಿದ್ದ ಬೈಠಕ್ಖಾನೆಯನ್ನು ಸಲೂನು ಕೊಟ್ಟಿತು ಎಂಬುದನ್ನು ಮರೆತವರಿಗೆ ಅದರ ಆಕರ್ಷಣೆ ಅರ್ಥವಾಗದು. ೧೮೯೬ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ರೇನ್ಸ್ ಶಾಸನವನ್ನು ಮಾಡಿ, ಭಾನುವಾರ ಮದ್ಯ ಮಾರುವ ಹಕ್ಕನ್ನು ಹತ್ತು ಮಲಗುವ ಕೋಣೆಗಳುಳ್ಳ ಹೋಟೆಲುಗಳಿಗೆ, ಅದೂ ಊಟದ ಜೊತೆಯಲ್ಲಿ, ಮಾತ್ರ ಕೊಟ್ಟಿತು. ಪರಿಣಾಮವೇನು? ಸಲೂನುಗಳು ಮಹಡಿಯ ಮೇಲೆ ಹಲಗೆ ಅಡ್ಡಹಾಕಿ ಹತ್ತು ಕೋಣೆಗಳನ್ನು ಮಾಡಿ ಹೋಟೆಲುಗಳಾದುವು! ಯಾರೂ ತಿನ್ನದ ಒಂದೇ ರೊಟ್ಟಿಯ ತುಂಡು ಮೇಜಿನಿಂದ ಮೇಜಿಗೆ ‘ಊಟ’ವೆಂದು ತಿರುಗಿತು. ಆ ಕೋಣೆಗಳಾದರೋ ಕುಡಿತಕ್ಕಿಂತ ಕೆಟ್ಟ ವ್ಯವಹಾರಗಳಿಗೆ ಎಡೆಯಾದುವು.

ಹೆಂಗಸರು ಮಕ್ಕಳೊಡನೆ ಹೋಗಬಹುದಾದ ವಿನೋದವನ್ನು ಒದಗಿಸಿದವನಿಗೆ ಇಮ್ಮಡಿ ಗಿರಾಕಿಗಳಿರುವರೆಂಬುದನ್ನು ಮೊದಲು ಕಂಡುಕೊಂಡವರಲ್ಲಿ ಟೋನಿ ಪಾಸ್ಟರ್ ಮುಖ್ಯನು. ಹಾಡು, ಕುಣಿತ, ಹಾಸ್ಯ, ದೊಂಬರಾಟಗಳನ್ನು ಬೆರೆಸಿದ ಪ್ರದರ್ಶನಗಳು ಅದುವರೆಗೆ ಗಂಡಸರು ಕುಡಿಯುತ್ತ ನೋಡುವ ಸ್ಥಳಗಳಲ್ಲಿ ನಡೆಯುತ್ತಿದ್ದುವು. ಪಾಸ್ಟರನು ೧೮೮೧ರಲ್ಲಿ ನ್ಯೂಯಾರ್ಕಿನ ಹದಿನಾಲ್ಕನೆಯ ಬೀದಿಯಲ್ಲಿ ತೆರೆದ ನಾಟಕಶಾಲೆಯಲ್ಲಿ ಅಶ್ಲೀಲವನ್ನು ತೆಗೆದುಹಾಕಿದನು. ಬಂದ ಗೃಹಿಣಿಯರಿಗೆ ಹಿಟ್ಟು, ಕಲ್ಲಿದ್ದಲು, ಉಡುಪಿನ ಬಟ್ಟೆಗಳನ್ನು ಬಹುಮಾನವಾಗಿ ಹಂಚಿದನು. ಬಾಸ್ಟನ್ ನಗರದಲ್ಲಿ ಕೀತ್ ಎಂಬವನು ೧೮೮೫ರಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ಎಡೆಬಿಡದೆ ಪ್ರದರ್ಶನ ನಡೆಸುವ ಪದ್ಧತಿಯನ್ನು ತಂದನು. ಯಾವಾಗ ಬಂದರೂ ಆಟ ನಡೆಯುತ್ತಲೇ ಇರುತ್ತಿತ್ತು. ವಾಡೆವಿಲ್ ಎಂದು ಪ್ರಸಿದ್ಧವಾದ ಈ ಬಗೆಯ ಪ್ರದರ್ಶನದಲ್ಲಿ ಐರಿಷರು, ಜರ್ಮನರು, ಯೆಹೂದ್ಯರು ತಮ್ಮ ತಮ್ಮ ಮಾತಿನ ರೀತಿಯ ಅಣಕವನ್ನು ಕಂಡು ತಾವೂ ನಕ್ಕರು. ಆದರೆ ಎಲ್ಲ ಅಣಕವೂ ಒಂದೇ ಬಗೆಯದಲ್ಲ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಮೂಢರೆಂದು ಹೀಯಾಳಿಸುವ ಆಟವು ಶತಮಾನದುದ್ದಕ್ಕೂ ಅತ್ಯಂತ ಜನಪ್ರಿಯವಾಗಿತ್ತು. ಹಾಗೆ ಹೀಯಾಳಿಸಲ್ಪಟ್ಟವರು ಹಣ ಕೊಟ್ಟು ಬಂದರೂ ಸಾಮಾನ್ಯವಾಗಿ ಮೇಲಿನ ಗ್ಯಾಲರಿಯಲ್ಲಿಯೇ ಕೂರಬೇಕಾಗಿತ್ತು. ಬರ್ಟ್ ವಿಲಿಯಮ್ಸ್ ಎಂಬ ಶ್ರೇಷ್ಠ ಕರಿಯ ನಟನು ಕೂಡ ತನ್ನ ಮುಖಕ್ಕೆ ಮಸಿ ಬಳಿದುಕೊಂಡೇ ರಂಗವನ್ನೇರಬೇಕಾಯಿತು. ನಗಿಸಿದವನ ನೋವು ನೋಡುವವರಿಗೆ ಕಾಣಲಿಲ್ಲ.

ಆಟದ ಬಯಲಿನಲ್ಲಿಯೂ ಇದೇ ಕಥೆ. ಬೇಸ್‌ಬಾಲ್ ಮೊದಲು ಗೆಳೆಯರ ಕೂಟಗಳ ಆಟವಾಗಿತ್ತು. ೧೮೬೯ರಲ್ಲಿ ಸಿನ್ಸಿನಾಟಿ ನಗರದ ತಂಡವೊಂದು ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟು ಆಡಿಸಿತು. ೧೮೭೬ರಲ್ಲಿ ನ್ಯಾಷನಲ್ ಲೀಗ್ ಸ್ಥಾಪಿತವಾಗಿ ಆಟವು ವ್ಯಾಪಾರವಾಯಿತು. ಈ ಲೀಗು ಐವತ್ತು ಸೆಂಟು ಪ್ರವೇಶಧನವನ್ನು ಗೊತ್ತುಮಾಡಿತು, ಭಾನುವಾರ ಆಟವನ್ನು ನಿಷೇಧಿಸಿತು, ಬಯಲಿನಲ್ಲಿ ಬಿಯರು ಮಾರಗೊಡಲಿಲ್ಲ. ಒರಟು ಕೆಲಸದ ಕೂಲಿ ದಿನಕ್ಕೆ ಸುಮಾರು ಒಂದೂವರೆ ಡಾಲರು ಇದ್ದ ಕಾಲದಲ್ಲಿ ಐವತ್ತು ಸೆಂಟು ಎಂದರೆ ಒಂದು ದಿನದ ದುಡಿಮೆಯ ಮೂರನೆಯ ಒಂದು ಪಾಲು. ವಾರದ ದಿನಗಳಲ್ಲಿ ಅಪರಾಹ್ಣ ನಡೆಯುವ ಪಂದ್ಯಕ್ಕೆ ಕಾರ್ಖಾನೆಯವನು ಬರುವುದಾದರೂ ಹೇಗೆ? ೧೮೮೨ರಲ್ಲಿ ಹುಟ್ಟಿದ ಪ್ರತಿಸ್ಪರ್ಧಿ ಲೀಗೊಂದು ಇಪ್ಪತ್ತೈದು ಸೆಂಟು, ಬಿಯರು, ಭಾನುವಾರದ ಆಟ ಈ ಮೂರನ್ನೂ ಒದಗಿಸಿ ಆ ಜನರನ್ನು ಸೆಳೆಯಿತು. ೧೮೮೪ರಲ್ಲಿ ಆ ಲೀಗಿನ ಟಲೀಡೋ ತಂಡದಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕರಿಯ ಆಟಗಾರನು ಆಡಿದನು. ಅನಂತರ ವರ್ಣಭೇದದ ಬೇಲಿ ಬಿಗಿಯಾಯಿತು. ಅದನ್ನು ದಾಟಿ ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದ ಪರವಾಗಿ ಬಯಲಿಗಿಳಿದುದು ೧೯೪೭ರಲ್ಲಿ. ನಡುವೆ ಅರುವತ್ತಕ್ಕೂ ಹೆಚ್ಚು ವರ್ಷಗಳು ಕಳೆದಿದ್ದುವು.

ಬೈಸಿಕಲ್ಲಿನ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಮುಂದಿನ ಚಕ್ರ ಆಳೆತ್ತರವಿದ್ದ ಹಳೆಯ ಗಾಡಿಯನ್ನು ಸಾಹಸಿಗಳಾದ ಯುವಕರು ಮಾತ್ರ ಏರಬಲ್ಲವರಾಗಿದ್ದರು. ಎರಡು ಸಮಚಕ್ರಗಳೂ ಗಾಳಿ ತುಂಬಿದ ರಬ್ಬರು ಟೈರುಗಳೂ ಬಂದ ಮೇಲೆ ೧೮೯೦ರ ದಶಕದಲ್ಲಿ ಸ್ತ್ರೀಯರೂ ಸವಾರಿ ಮಾಡತೊಡಗಿದರು. ನೆಲ ಗುಡಿಸುವ ಲಂಗಗಳು ಮೋಟಾದುವು. ಜೊತೆಗೆ ಹಿರಿಯರೊಬ್ಬರಿಲ್ಲದೆ ಹುಡುಗಿಯರು ಊರಾಚೆಗೆ ಹೋಗಿಬಂದರು. ಸ್ತ್ರೀಯರ ಮತಾಧಿಕಾರಕ್ಕಾಗಿ ಹೋರಾಡಿದ ಸೂಸನ್ ಆಂಟನಿ ಎಂಬಾಕೆ ೧೮೯೬ರಲ್ಲಿ, ಸ್ತ್ರೀಯರ ಬಿಡುಗಡೆಗೆ ಬೈಸಿಕಲ್ಲು ಮಾಡಿದಷ್ಟನ್ನು ಮತ್ತಾವುದೂ ಮಾಡಿಲ್ಲವೆಂಬ ಅಭಿಪ್ರಾಯವನ್ನು ಹೇಳಿದಳು. ಒಳ್ಳೆಯ ಗಾಡಿಗೆ ನೂರು ಡಾಲರಿನಷ್ಟು ಬೆಲೆಯಿದ್ದಾಗ ಈ ಬಿಡುಗಡೆ ಮಧ್ಯಮವರ್ಗದ ಹೆಂಗಸರದೇ. ದಶಕದ ಕೊನೆಯಲ್ಲಿ ಬೆಲೆ ಇಳಿದ ಮೇಲೆ ಇತರರಿಗೂ ಅದು ಎಟುಕಿತು.

ಈ ಎಲ್ಲ ಬಗೆಯ ವಿನೋದಗಳೂ ಒಂದೆಡೆ ಸೇರಿ ಕಂಡದ್ದು ೧೮೯೩ರ ಚಿಕಾಗೋ ವಸ್ತುಪ್ರದರ್ಶನದಲ್ಲಿ. ಮೇ ತಿಂಗಳಿಂದ ಅಕ್ಟೋಬರ್ ತಿಂಗಳವರೆಗೆ ಸುಮಾರು ೨ ಕೋಟಿ ೭೦ ಲಕ್ಷ ಪ್ರವೇಶಗಳು ಅಲ್ಲಿ ಲೆಕ್ಕಕ್ಕೆ ಬಂದುವು. ಬಿಳಿಯ ಅರಮನೆಗಳಂತಹ ಭವನಗಳಲ್ಲಿ ಕಲೆ, ಯಂತ್ರ, ವಿಜ್ಞಾನಗಳು. ಪಕ್ಕದ ಮಿಡ್ವೇ ಎಂಬ ಬೀದಿಯಲ್ಲಿ ಜನರ ವಿನೋದ. ಜನರು ಮೊದಲನೆಯದನ್ನು ಹೊಗಳಿ ಎರಡನೆಯದರಲ್ಲಿ ಹಣ ಖರ್ಚು ಮಾಡಿದರು. ಜಾರ್ಜ್ ಫೆರಿಸ್ ಎಂಬ ಇಂಜಿನಿಯರನು ನಿಲ್ಲಿಸಿದ ೨೬೪ ಅಡಿ ಎತ್ತರದ ಚಕ್ರದಲ್ಲಿ ೩೬ ಪೆಟ್ಟಿಗೆಗಳಿದ್ದು, ಒಂದೊಂದರಲ್ಲಿ ೬೦ ಜನರಿಗೆ ಸ್ಥಳವಿತ್ತು. ಪ್ರದರ್ಶನದ ಪ್ರವೇಶಕ್ಕೆ ಐವತ್ತು ಸೆಂಟು, ಚಕ್ರವನ್ನೇರಲು ಮತ್ತೆ ಐವತ್ತು. ಈ ಪ್ರದರ್ಶನದ ಅಂಗವಾಗಿಯೇ ಸೇರಿದ ಸರ್ವಧರ್ಮ ಸಮ್ಮೇಳನದಲ್ಲಿ ಸೆಪ್ಟೆಂಬರ್ ೧೧ರಂದು ಸ್ವಾಮಿ ವಿವೇಕಾನಂದರು ಮಾತನಾಡಿದರು. ಹಿಂದಿನ ವರ್ಷ ಅವರು ಮೈಸೂರಿಗೆ ಬಂದು ಶ್ರೀ ಚಾಮರಾಜೇಂದ್ರ ಒಡೆಯರವರ ಆದರಕ್ಕೆ ಪಾತ್ರರಾಗಿದ್ದುದನ್ನು ಕನ್ನಡಿಗರು ಬಲ್ಲರು. ಅದೇ ವರ್ಷ, ಅದೇ ನಗರದಲ್ಲಿ, ಫ್ರೆಡರಿಕ್ ಡಗ್ಲಾಸ್ ಮತ್ತು ಐಡಾ ವೆಲ್ಸ್ ಅವರು ಕರಿಯ ಪ್ರಜೆಗಳಿಗೆ ಈ ಪ್ರದರ್ಶನದಲ್ಲಿ ಯೋಗ್ಯ ಸ್ಥಾನವೇಕಿಲ್ಲವೆಂದು ಕೇಳುವ ಕಿರುಹೊತ್ತಗೆಯನ್ನು ಹಂಚುತ್ತಿದ್ದರು. ಮನುಷ್ಯರೆಲ್ಲರೂ ಒಂದೆಂಬ ಮಾತಿಗೆ ಒಂದು ಸಭೆಯಲ್ಲಿ ಚಪ್ಪಾಳೆ, ಅದರ ಹೊರಗೆ ಈ ಪ್ರಶ್ನೆ.

ಚಿಕಾಗೋ ಚಕ್ರವನ್ನು ಕಂಡು ಮರುಳಾದವರಲ್ಲಿ ಜಾರ್ಜ್ ಟಿಲ್ಯೂ ಒಬ್ಬನು. ಅವನ ಊರು ನ್ಯೂಯಾರ್ಕಿಗೆ ಸಮೀಪದ ಸಮುದ್ರತೀರವಾದ ಕೋನಿ ಐಲೆಂಡ್. ೧೮೮೪ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬವನು ಅಲ್ಲಿ ಏರಿಳಿಯುವ ಹಳಿಗಳ ಮೇಲೆ ಓಡುವ ಬಂಡಿಯನ್ನು ಸ್ಥಾಪಿಸಿ, ಸವಾರಿಗೆ ಐದು ಸೆಂಟಿನಂತೆ ಸಂಪಾದಿಸಿದ್ದನು. ಟಿಲ್ಯೂ ೧೮೯೭ರಲ್ಲಿ ಬೇಲಿ ಕಟ್ಟಿ ಸ್ಟೀಪಲ್‌ಚೇಸ್ ಎಂಬ ವಿನೋದೋದ್ಯಾನವನ್ನು ತೆರೆದನು. ವಾರವೆಲ್ಲ ಯಂತ್ರಕ್ಕೆ ದುಡಿದವರು ಅಲ್ಲಿ ಯಂತ್ರದ ಕುದುರೆಗಳನ್ನೇರಿ ಓಡಿದರು. ಕಚೇರಿಯ ಗುಮಾಸ್ತನೂ ಅಂಗಡಿಯ ಹುಡುಗಿಯೂ ಅಪರಿಚಿತರ ನಡುವೆ ಸಂಕೋಚವಿಲ್ಲದೆ ನಕ್ಕರು. ಹುಡುಗಿಯರ ಕೂಲಿ ಗಂಡಸರಿಗಿಂತ ಬಹು ಕಡಮೆ; ಅದನ್ನೂ ಅನೇಕರು ತಾಯಿಯ ಕೈಗೆ ಕೊಡುತ್ತಿದ್ದುದರಿಂದ ಅವರ ಟಿಕೆಟ್ಟನ್ನು ಬೇರೆಯವರು ಕೊಳ್ಳಬೇಕಾಗುತ್ತಿತ್ತು. ಆ ಉಪಕಾರಕ್ಕೆ ಪ್ರತಿಯಾಗಿ ಏನನ್ನು ಬಯಸುವರೋ ಎಂಬ ಆತಂಕವೂ ಸಂತೋಷದ ಜೊತೆಯಲ್ಲಿಯೇ ಇತ್ತು. ೧೯೦೭ರಲ್ಲಿ ಉದ್ಯಾನವು ಸುಟ್ಟು ಬೂದಿಯಾದಾಗ ಟಿಲ್ಯೂ ಎದೆಗುಂದದೆ, ಬೂದಿಯನ್ನು ನೋಡಲು ಹತ್ತು ಸೆಂಟು ಪ್ರವೇಶಧನವಿಟ್ಟನು! ಬಿಡುವು ಸರಕಾಗಿ ಮಾರಾಟಕ್ಕೆ ಬಂದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ದೊರೆಯದು.

ಶತಮಾನ ಮುಗಿಯುವ ಮೊದಲೇ ಇವೆಲ್ಲವನ್ನೂ ಮೀರಿಸುವ ವಿನೋದವೊಂದು ಹುಟ್ಟಿತು. ೧೮೯೪ರ ಏಪ್ರಿಲ್‌ನಲ್ಲಿ ಬ್ರಾಡ್‌ವೇ ಬೀದಿಯ ಅಂಗಡಿಯೊಂದರಲ್ಲಿ ಎಡಿಸನ್ನನ ಹತ್ತು ಪೆಟ್ಟಿಗೆಗಳನ್ನಿಟ್ಟರು. ಒಬ್ಬೊಬ್ಬರಾಗಿ ಬಗ್ಗಿ ಇಣುಕಿದರೆ ಒಳಗೆ ಚಿತ್ರಗಳು ಚಲಿಸುತ್ತಿದ್ದುವು. ೧೮೯೬ರ ಏಪ್ರಿಲ್ ೨೩ರಂದು ನ್ಯೂಯಾರ್ಕಿನ ಸಂಗೀತಶಾಲೆಯೊಂದರಲ್ಲಿ ಚಿತ್ರಗಳನ್ನು ಪರದೆಯ ಮೇಲೆ ಬಿಟ್ಟು ಸಭೆಗೆಲ್ಲ ಒಟ್ಟಿಗೆ ತೋರಿಸಿದರು. ಮೂರು ತಿಂಗಳು ತುಂಬುವುದರೊಳಗೆ, ಅದೇ ವರ್ಷದ ಜುಲೈ ೭ರಂದು, ಫ್ರಾನ್ಸಿನ ಲೂಮಿಯೇರ್ ಸಹೋದರರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶಿತವಾದುವು. ನಗರದ ವಿನೋದಕ್ಕೆ ಇನ್ನು ದೇಶದ ಎಲ್ಲೆಯೂ ಉಳಿಯಲಿಲ್ಲ.

ಇಷ್ಟನ್ನೆಲ್ಲ ನೋಡಿದ ಮೇಲೆ ನಮಗೆ ತೋರುವ ವಿಷಯಗಳು ಎರಡು. ಮೊದಲನೆಯದಾಗಿ, ಬೇರೆ ಬೇರೆ ಭಾಷೆಯ, ಮತದ, ವರ್ಗದ ಜನರನ್ನು ಒಂದೇ ಬೆಂಚಿನ ಮೇಲೆ ಕೂರಿಸುವುದರಲ್ಲಿ ಉಪದೇಶಕ್ಕಿಂತ ವಿನೋದವೇ ಹೆಚ್ಚು ಸಮರ್ಥವಾಯಿತು. ಎರಡನೆಯದಾಗಿ, ಆ ಬೆಂಚಿನಲ್ಲಿ ಎಲ್ಲರಿಗೂ ಸ್ಥಳವಿರಲಿಲ್ಲ. ಕರಿಯರನ್ನು ಬಣ್ಣವು ತಡೆಯಿತು, ಬಡವರನ್ನು ಟಿಕೆಟ್ಟಿನ ಬೆಲೆಯು ತಡೆಯಿತು. ಇನ್ನು ಭಾನುವಾರವೂ ಅಡಿಗೆ ಒಗೆತಗಳು ತಪ್ಪದ ಗೃಹಿಣಿಯನ್ನು ಯಾರೂ ತಡೆಯಬೇಕಾಗಿಯೇ ಇರಲಿಲ್ಲ, ಅವಳಿಗೆ ಬಿಡುವೇ ಇರಲಿಲ್ಲ. ಟಿಕೆಟ್ಟು ಕೊಳ್ಳಲಾರದ ಮಕ್ಕಳಿಗಾಗಿ ಚಿಕಾಗೋ ನಗರದ ಬಡವರ ಕೇರಿಯಲ್ಲಿ ಜೇನ್ ಆಡಮ್ಸ್ ಎಂಬ ಮಹನೀಯಳು ತನ್ನ ಸೇವಾಶ್ರಮದ ಬಳಿ ಆಟದ ಬಯಲೊಂದನ್ನು ತೆರೆದಳು. ಬಿಡುವಿಗೆ ಬೇಕಾದುದೆಲ್ಲವನ್ನೂ ಅಂಗಡಿಯಲ್ಲಿಯೇ ಕೊಳ್ಳಬೇಕಾಗಿಲ್ಲವೆಂಬ ಪಾಠ ಅದರಲ್ಲಿದೆ.

೧೮೮೬ರಲ್ಲಿ ಕೇಳಿದ ಆ ಎಂಟು ಗಂಟೆಗಳು ಏನಾದುವೆಂದು ನಮ್ಮ ಶ್ರೋತೃಗಳು ಕೇಳಬಹುದು. ವಾರದ ದುಡಿಮೆಗೆ ಮಿತಿಯನ್ನು ಗೊತ್ತುಮಾಡುವ ಶಾಸನವು ಅಮೆರಿಕಾ ದೇಶಕ್ಕೆಲ್ಲ ಬಂದುದು ೧೯೩೮ರಲ್ಲಿ. ಅದರಂತೆ ವಾರಕ್ಕೆ ೪೦ ಗಂಟೆಗಳ ಮಿತಿ ನಡೆವಳಿಗೆ ಬಂದುದು ೧೯೪೦ರಲ್ಲಿ. ನಾಟಕಶಾಲೆ, ಹೋಟೆಲು, ಕ್ರೀಡಾಂಗಣಗಳಲ್ಲಿ ಬಣ್ಣವನ್ನು ನೋಡಿ ಜನರನ್ನು ತಡೆಯಕೂಡದೆಂಬ ಶಾಸನ ಬಂದುದು ೧೯೬೪ರಲ್ಲಿ. ಒಂದು ಸಂಜೆಯ ಬಿಡುವು, ಕುಳಿತುಕೊಳ್ಳಲು ಒಂದು ಸಮಾನವಾದ ಆಸನ ಇವು ನೋಡುವುದಕ್ಕೆ ಸಣ್ಣ ವಿಷಯಗಳು. ಇವನ್ನು ಪಡೆಯುವುದಕ್ಕೆ ಎರಡು ಮೂರು ತಲೆಮಾರುಗಳು ಕಾಯಬೇಕಾಯಿತು. ದಿನದ ಕೆಲಸ ಮುಗಿಸಿ ನೆಮ್ಮದಿಯಾಗಿ ಕುಳಿತಾಗ, ನಮಗೆ ದೊರೆತಿರುವ ಈ ಹೊತ್ತು ನಮ್ಮ ಮನೆಯಲ್ಲಿಯೂ ನಮ್ಮ ಊರಿನಲ್ಲಿಯೂ ಇನ್ನು ಯಾರಿಗೆ ದೊರೆತಿಲ್ಲವೆಂದು ಒಂದು ಕ್ಷಣ ಆಲೋಚಿಸುವುದು ಉಚಿತವೆಂದು ಸೂಚಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.